ಒಂದೇ ಸತ್ಯವೇದ, ಎರಡು ಉತ್ತರ: ಮರಣದಂಡನೆಗೆ ಕ್ರೈಸ್ತ ನಿಲುವು ಯಾವುದು?

ಪ್ರಶ್ನೆ: ನಮ್ಮ ಸತ್ಯವೇದ ಅಧ್ಯಯನದ ಗುಂಪಿನಲ್ಲಿ ಎಂಟು ಜನ ಇದ್ದೇವೆ. ಹೋದ ತಿಂಗಳು ಮರಣದಂಡನೆ ಬೇಕೋ ಬೇಡವೋ ಎಂಬ ಮಾತು ಬಂತು. ಒಬ್ಬರು ಆದಿಕಾಂಡ 9:6 ಓದಿ "ಇಲ್ಲಿಗೆ ಮುಗೀತು" ಎಂದರು. ಇನ್ನೊಬ್ಬರು ಯೋಹಾನ 8ನೇ ಅಧ್ಯಾಯ ಓದಿ ಅವರೂ "ಇಲ್ಲಿಗೆ ಮುಗೀತು" ಎಂದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಇಬ್ಬರೂ ಒಳ್ಳೆಯ ವಿಶ್ವಾಸಿಗಳೇ. ಹಾಗಾದರೆ ಇದರಲ್ಲಿ ಕ್ರೈಸ್ತ ನಿಲುವು ಯಾವುದು? ಒಂದೇ ನಿಲುವು ಇಲ್ಲ ಅಂದರೆ, ಕಾನೂನಿನ ವಿಷಯಕ್ಕೆ ನಂಬಿಕೆಯನ್ನು ಎಳೆದು ತರುವುದೇ ತಪ್ಪಲ್ಲವೇ?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಮರಣದಂಡನೆಯ ವಿರುದ್ಧ ಇರುವವನು. ಮೊದಲು ಹಾಗಿರಲಿಲ್ಲ. ಕ್ರೈಸ್ತ ನೀತಿಶಾಸ್ತ್ರ ಪಾಠ ಮಾಡಲು ಶುರು ಮಾಡಿದ ಕಾಲಕ್ಕೆ, ನಿಮ್ಮ ಗುಂಪಿನ ಮೊದಲನೆಯವರ ಹಾಗೆ ನಾನೂ ಆದಿಕಾಂಡ ತೆಗೆದು ತೋರಿಸುತ್ತಿದ್ದೆ. ಮನಸ್ಸು ಬದಲಾಗಿದ್ದು ಯಾವುದೋ ಹೊಸ ವಚನ ಸಿಕ್ಕಿದ್ದರಿಂದ ಅಲ್ಲ. ಹೇಗೆ ಬದಲಾಯಿತು ಅನ್ನುವುದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ ಅನಿಸುತ್ತದೆ.

ಆ ಎರಡು ವಚನಗಳಿಂದಲೇ ಶುರು ಮಾಡೋಣ. ಮನುಷ್ಯನ ರಕ್ತ ಸುರಿಸಿದವನ ರಕ್ತವೂ ಮನುಷ್ಯರಿಂದಲೇ ಸುರಿಯುವುದು ಎಂದು ಆದಿಕಾಂಡ 9:6 ಹೇಳುತ್ತದೆ. ಜಲಪ್ರಳಯ ಇಳಿದ ಮೇಲೆ ದೇವರು ನೋಹನಿಗೆ ಹೇಳಿದ ಮಾತು ಇದು. ಮೋಶೆಯ ಧರ್ಮಶಾಸ್ತ್ರ ಬರುವುದಕ್ಕಿಂತ ಮುಂಚೆಯೇ ಬಂದದ್ದು, ಆದ್ದರಿಂದ ಇಸ್ರಾಯೇಲ್ಯರಿಗಷ್ಟೇ ಅಲ್ಲ, ಎಲ್ಲ ಮನುಷ್ಯರಿಗೂ ಅನ್ವಯಿಸುತ್ತದೆ ಎಂಬುದು ಮರಣದಂಡನೆ ಪರವಾದವರ ವಾದ. ಗಟ್ಟಿ ವಾದವೇ. ಆದರೆ ಆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದನಲ್ಲಾ ಎಂದು ಕಾರಣವನ್ನೂ ಕೊಡುತ್ತದೆ. ಕೊಲೆಯಾದವನ ಬೆಲೆ ಎಷ್ಟು ದೊಡ್ಡದು ಎಂಬುದೇ ಅದರ ಒಳಮಾತು. ತಮಾಷೆ ಏನೆಂದರೆ, ಮರಣದಂಡನೆ ಬೇಡ ಅನ್ನುವವರೂ ಇದೇ ಕಾರಣ ಕೊಡುತ್ತಾರೆ. ಕೊಲೆಗಾರನಲ್ಲೂ ಅದೇ ಸ್ವರೂಪ ಇದೆ ಅಲ್ವಾ ಅನ್ನುತ್ತಾರೆ.

ಹಾಗೆ ನೋಡಿದರೆ ಸತ್ಯವೇದದ ಮೊದಲ ಕೊಲೆಗಾರನಿಗೆ ಗಲ್ಲು ಆಗಲಿಲ್ಲ. ಕಾಯಿನ ತಮ್ಮನನ್ನು ಕೊಂದ. ಅವನನ್ನು ಯಾರೂ ಕೊಲ್ಲಬಾರದು ಎಂದು ದೇವರು ಅವನ ಮೇಲೆ ಗುರುತು ಇಟ್ಟ. ಮೋಶೆ ಐಗುಪ್ತದವನೊಬ್ಬನನ್ನು ಕೊಂದು ಮರಳಿನಲ್ಲಿ ಹೂತ. ದಾವೀದ ಊರೀಯನನ್ನು ಉಪಾಯದಿಂದ ಸಾಯಿಸಿದ. ಪೌಲ ಸ್ತೆಫನನ ಕೊಲೆಗೆ ಸಮ್ಮತಿಸಿ ಪಕ್ಕದಲ್ಲೇ ನಿಂತಿದ್ದ. ಈ ಮೂವರನ್ನೂ ಕೊಲೆ ಮಾಡಿದ ವಾರವೇ ನೇಣಿಗೆ ಹಾಕಿದ್ದರೆ ಸತ್ಯವೇದ ಬಹಳ ತೆಳ್ಳಗಿರುತ್ತಿತ್ತು. ಇದು ನನ್ನ ಹಳೆಯ ತರಗತಿ ಜೋಕು, ಕ್ಷಮಿಸಿ. ವಾದವಾಗಿ ನೋಡಿದರೆ ಇದಕ್ಕೆ ಅಂಥ ತೂಕ ಇಲ್ಲ. ದೇವರು ಕ್ಷಮಿಸಿದ ಮಾತ್ರಕ್ಕೆ ಸರ್ಕಾರವೂ ಬಿಟ್ಟುಬಿಡಬೇಕು ಎಂದಾಗುವುದಿಲ್ಲವಲ್ಲ.

ಈಗ ಯೋಹಾನ 8. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ಕಲ್ಲೆಸೆದು ಕೊಲ್ಲಬೇಕೇ ಎಂದು ಕೇಳಿದವರಿಗೆ, ನಿಮ್ಮಲ್ಲಿ ಪಾಪವಿಲ್ಲದವನು ಮೊದಲು ಕಲ್ಲು ಹಾಕಲಿ ಎಂದು ಯೇಸು ಹೇಳುವ ಭಾಗ. ಸುವಾರ್ತೆಯ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಈ ಪ್ರಸಂಗ ಇಲ್ಲ. ಅದಕ್ಕೇ ಎಷ್ಟೋ ಮುದ್ರಣಗಳಲ್ಲಿ ಇದನ್ನು ಆವರಣದೊಳಗೆ ಹಾಕಿರುತ್ತಾರೆ. ಆದರೂ ಸಭೆ ಇದನ್ನು ಕೈಬಿಟ್ಟಿಲ್ಲ, ನಾನೂ ಬಿಡುವುದಿಲ್ಲ. ಆದರೆ ಇದು ಕೊಲೆಯ ಪ್ರಕರಣ ಅಲ್ಲ, ವ್ಯಭಿಚಾರದ್ದು. ಅದೂ ಯೇಸುವನ್ನು ಸಿಕ್ಕಿಸಲು ಒಡ್ಡಿದ ಬಲೆ. ಯಾಜಕಕಾಂಡ 20:10ರ ಪ್ರಕಾರ ಗಂಡಸನ್ನೂ ಹೆಂಗಸನ್ನೂ ಇಬ್ಬರನ್ನೂ ತರಬೇಕಿತ್ತು. ಗಂಡಸು ಪತ್ತೆಯೇ ಇಲ್ಲ. ಅಂದರೆ ವಿಚಾರಣೆಯೇ ಸರಿ ಇರಲಿಲ್ಲ. ಇದನ್ನು ಹಿಡಿದು "ಯಾವ ಸರ್ಕಾರವೂ ಯಾರಿಗೂ ಮರಣದಂಡನೆ ಕೊಡಬಾರದು" ಎಂದು ಹೇಳುವುದು ಸ್ವಲ್ಪ ದೂರದ ಜಿಗಿತ.

ಎರಡೂ ಕಡೆಯವರು ತಮ್ಮ ವಚನ ಹೊರಬಲ್ಲದ್ದಕ್ಕಿಂತ ಜಾಸ್ತಿ ಭಾರವನ್ನು ಅದರ ಮೇಲೆ ಹೊರಿಸುತ್ತಿದ್ದಾರೆ. ಉಳಿದ ವಚನಗಳಿಗೂ ಇದೇ ಗತಿ. ರೋಮಾಪುರದವರಿಗೆ ಬರೆದ ಪತ್ರದ 13:4ರಲ್ಲಿ ಅಧಿಕಾರಿ ಸುಮ್ನೆ ಕತ್ತಿ ಹಿಡಿದಿಲ್ಲ ಎಂದು ಪೌಲ ಹೇಳುತ್ತಾನೆ. ಅದಕ್ಕೆ ಸ್ವಲ್ಪ ಮೇಲೆ, 12:19ರಲ್ಲಿ, ನೀವೇ ಮುಯ್ಯಿ ತೀರಿಸಬೇಡಿ ಎಂದಿದ್ದಾನೆ. ಅಧ್ಯಾಯಗಳ ಗೆರೆ ಎಳೆದಿದ್ದು ನೂರಾರು ವರ್ಷ ಆದಮೇಲೆ, ಪೌಲ ಬರೆದದ್ದು ಒಂದೇ ಓಟದಲ್ಲಿ. ಅಂದರೆ ಶಿಕ್ಷೆಯನ್ನು ಮನೆಯವರ ಕೈಯಿಂದ ತೆಗೆದು ಅಧಿಕಾರಿಯ ಕೈಗೆ ಕೊಡುತ್ತಿದ್ದಾನೆ. ಆ ಅಧಿಕಾರಿ ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಕೊಡಬೇಕು ಎಂಬ ಪಟ್ಟಿ ಅಲ್ಲಿಲ್ಲ.

"ಕಣ್ಣಿಗೆ ಕಣ್ಣು" ಎಂಬ ಮಾತಿಗೂ ಹಾಗೇ ಅನ್ಯಾಯ ಆಗಿದೆ. ಆದಿಕಾಂಡ 4ರಲ್ಲಿ ಲೆಮೆಕ ಎಂಬವನು ತನಗೆ ಗಾಯ ಮಾಡಿದವನನ್ನು ಕೊಂದೆ, ನನ್ನ ಸೇಡು ಎಪ್ಪತ್ತೇಳು ಪಟ್ಟು ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಅಂಥ ಲೋಕದಲ್ಲಿ "ಒಂದು ಕಣ್ಣಿಗೆ ಒಂದೇ ಕಣ್ಣು" ಎಂದರೆ ಅದು ಕ್ರೌರ್ಯ ಅಲ್ಲ, ಕ್ರೌರ್ಯಕ್ಕೆ ಹಾಕಿದ ಕಡಿವಾಣ. ಇನ್ನೊಂದು ಕಡೆ, ಮೋಶೆಯ ಧರ್ಮಶಾಸ್ತ್ರವನ್ನು ಇದ್ದ ಹಾಗೇ ಕಾನೂನು ಮಾಡಬೇಕು ಅನ್ನುವವರು, ಅದರಲ್ಲಿ ತಂದೆತಾಯಿಯನ್ನು ಶಪಿಸಿದವರಿಗೂ ಸಬ್ಬತ್ ದಿನ ಕೆಲಸ ಮಾಡಿದವರಿಗೂ ಮರಣವೇ ಶಿಕ್ಷೆ ಎಂಬುದನ್ನು ನೆನಪಿಡಬೇಕು. ಅದನ್ನು ಯಾರೂ ಕೇಳುವುದಿಲ್ಲ. ಅಂದರೆ ಎಲ್ಲರೂ ಆರಿಸಿಕೊಳ್ಳುತ್ತಲೇ ಇದ್ದೇವೆ. ಆರಿಸುವುದು ತಪ್ಪಲ್ಲ. ಆರಿಸುತ್ತಿಲ್ಲ ಎಂದು ನಟಿಸುವುದು ತಪ್ಪು.

ಸಭೆಯ ಚರಿತ್ರೆ ಇನ್ನೂ ಕುತೂಹಲದ್ದು. 5ನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದಲ್ಲಿ ಮುಖ್ಯ ಸಭೆಯಿಂದ ಬೇರೆಯಾಗಿದ್ದ ದೊನಾತಿಸ್ಟ್ ಪಂಗಡದ ಕೆಲವರು ಒಬ್ಬ ಪಾದ್ರಿಯನ್ನು ಕೊಂದರು. ಇನ್ನೊಬ್ಬ ಪಾದ್ರಿಯ ಕಣ್ಣು ಕಿತ್ತು ಬೆರಳು ಕತ್ತರಿಸಿದರು. ತಪ್ಪೊಪ್ಪಿಗೆಯೂ ಆಯಿತು. ಆಗ ಬಿಷಪ್ ಆಗಿದ್ದ ಸಂತ ಅಗಸ್ಟೀನ್ ರೋಮಿನ ಅಧಿಕಾರಿ ಮಾರ್ಸೆಲಿನಸ್‌ಗೆ ಪತ್ರ ಬರೆದು, ಇವರಿಗೆ ಅದೇ ಶಿಕ್ಷೆ ಕೊಡಬೇಡಿ, ಇವರನ್ನು ಬದುಕಿಸಿ ಏನಾದರೂ ಉಪಯುಕ್ತ ಕೆಲಸಕ್ಕೆ ಹಚ್ಚಿ ಎಂದು ಬೇಡಿಕೊಂಡರು. ಸತ್ತವನು, ಕಣ್ಣು ಕಳೆದುಕೊಂಡವನು ಅವರದೇ ಕಡೆಯವರು ನೋಡಿ. ಅದೇ ಅಗಸ್ಟೀನ್ ಇನ್ನೊಂದು ಕಡೆ, ಕಾನೂನಿನ ಪ್ರಕಾರ ಮರಣದಂಡನೆ ಕೊಡುವ ಅಧಿಕಾರಿ "ನರಹತ್ಯೆ ಮಾಡಬಾರದು" ಎಂಬ ಆಜ್ಞೆ ಮುರಿದಂತಲ್ಲ ಎಂದೂ ಬರೆದಿದ್ದಾರೆ. ಅಧಿಕಾರ ಇದೆ, ಆದರೆ ದಯವಿಟ್ಟು ಬಳಸಬೇಡಿ. ಇದೇ ಅವರ ನಿಲುವು.

13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇಷ್ಟು ಹಿಂಜರಿಯಲಿಲ್ಲ. ಕೊಳೆತ ಅಂಗ ಇಡೀ ಮೈಗೆ ಅಪಾಯ ತಂದರೆ ಕತ್ತರಿಸುತ್ತೇವೆ, ಸಮಾಜಕ್ಕೆ ಅಪಾಯಕಾರಿಯಾದವನ ವಿಷಯವೂ ಹಾಗೇ ಎಂದರು. ಮುಂದೆ ಪೋಪ್ ಆಳ್ವಿಕೆಯ ಪ್ರದೇಶಗಳಲ್ಲೇ ಮರಣದಂಡನೆ ಜಾರಿ ಮಾಡುವ ಸರ್ಕಾರಿ ನೌಕರ ಇದ್ದ. ಜೊವಾನ್ನಿ ಬತ್ತಿಸ್ತಾ ಬುಗಾತ್ತಿ ಎಂದು ಹೆಸರು. 1796ರಿಂದ 1864ರವರೆಗೆ 516 ಜನರ ಮರಣದಂಡನೆ ಅವನ ಕೈಯಲ್ಲಿ ಆಯಿತು. ವ್ಯಾಟಿಕನ್ ನಗರದ ಕಾನೂನಿನಲ್ಲೂ ಪೋಪ್ ಅವರ ಹತ್ಯೆಗೆ ಯತ್ನಿಸಿದವರಿಗೆ ಮರಣದಂಡನೆ ಎಂದು 1929ರಿಂದ ಇತ್ತು. ಯಾರಿಗೂ ಕೊಡಲಿಲ್ಲ, 1969ರಲ್ಲಿ ತೆಗೆದುಹಾಕಿದರು.

ಚರಿತ್ರೆಯಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. 1527ರಲ್ಲಿ, ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಆಗಬೇಕು ಎನ್ನುತ್ತಿದ್ದ ಅನಬ್ಯಾಪ್ಟಿಸ್ಟರು ಸ್ವಿಟ್ಜರ್ಲೆಂಡಿನ ಶ್ಲೈಟ್‌ಹೈಮ್‌ನಲ್ಲಿ ಸೇರಿ ಬರೆದ ಒಪ್ಪಂದದಲ್ಲಿ, ಕತ್ತಿ ದೇವರು ನೇಮಿಸಿದ್ದೇ ಆದರೂ ಅದು ಕ್ರಿಸ್ತನ ಪರಿಪೂರ್ಣತೆಯ ಹೊರಗಿನದು ಎಂದರು. ಆದ್ದರಿಂದ ವಿಶ್ವಾಸಿ ನ್ಯಾಯಾಧಿಪತಿ ಆಗಲೇಬಾರದು ಎಂದರು. ಇಂಥ ಮಾತಿಗೆ ಅವರಲ್ಲಿ ಎಷ್ಟೋ ಜನ ತಮ್ಮ ತಲೆಯನ್ನೇ ತೆತ್ತರು. ಹಿಂಸೆ ಬೇಡ ಎನ್ನುವ ಇನ್ನೊಂದು ಕ್ರೈಸ್ತ ಪಂಗಡ, ಕ್ವೇಕರರು, ಇನ್ನೊಂದು ಥರ. ಅಧಿಕಾರ ಸಿಕ್ಕಾಗ ದೂರ ಓಡಲಿಲ್ಲ, ಅದನ್ನು ಬಳಸಿಕೊಂಡರು. ಆ ಕಾಲದ ಇಂಗ್ಲೆಂಡಿನಲ್ಲಿ ಕಳ್ಳತನಕ್ಕೂ ನೇಣು ಇತ್ತು. ಕ್ವೇಕರರಾದ ವಿಲಿಯಂ ಪೆನ್ 1682ರಲ್ಲಿ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಕಟ್ಟಿದಾಗ ಅಂಥ ಅಪರಾಧಗಳ ಉದ್ದ ಪಟ್ಟಿಯನ್ನು ಬಹುಮಟ್ಟಿಗೆ ಕೊಲೆಯೊಂದಕ್ಕೇ ಇಳಿಸಿದರು.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಒಂದು ದೊಡ್ಡ ಪತ್ರ ಬರೆದರು. ಸಮಾಜವನ್ನು ಕಾಪಾಡಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಮರಣದಂಡನೆ ಕೊಡಬಹುದು, ಆದರೆ ಸೆರೆಮನೆ ವ್ಯವಸ್ಥೆ ಸುಧಾರಿಸಿರುವುದರಿಂದ ಅಂಥ ಸಂದರ್ಭ ಈಗ ತೀರಾ ಅಪರೂಪ, ಇಲ್ಲವೇ ಇಲ್ಲ ಅನ್ನುವಷ್ಟು ಎಂದರು. ಇಲ್ಲಿ ಬದಲಾಗಿದ್ದು ಏನು ಗಮನಿಸಿ. ವಚನ ಬದಲಾಗಿಲ್ಲ. ಸಮಾಜವನ್ನು ಕಾಪಾಡಬೇಕು ಎಂಬ ಅಕ್ವಿನಾಸರ ಕಾಳಜಿಯೂ ಹಾಗೇ ಇದೆ. ಬದಲಾಗಿದ್ದು ಸೆರೆಮನೆ. ಗೋಡೆ, ಬೀಗ, ಕಾವಲು. ಅಪಾಯಕಾರಿಯನ್ನು ಕೊಲ್ಲದೆಯೂ ತಡೆಯಬಹುದು ಅಂತಾದ ಮೇಲೆ, ಅದೇ ಕಾಳಜಿ ಬೇರೆ ಕಾನೂನು ಕೇಳುತ್ತದೆ.

2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಷ್ಟೇ ಘೋರ ಅಪರಾಧ ಮಾಡಿದರೂ ಮನುಷ್ಯನ ಘನತೆ ಹೋಗುವುದಿಲ್ಲ, ಆದ್ದರಿಂದ ಮರಣದಂಡನೆಯನ್ನು ಒಪ್ಪಲಾಗದು ಎಂದು ಕ್ಯಾಥೊಲಿಕ್ ಧರ್ಮಸಭೆಯ ಬೋಧನೆಗಳ ಅಧಿಕೃತ ಪುಸ್ತಕವನ್ನೇ ತಿದ್ದಿಸಿದರು. ಕೆಲವು ಕ್ಯಾಥೊಲಿಕ್ ವಿದ್ವಾಂಸರು ಇದಕ್ಕೆ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಸಾವಿರಾರು ವರ್ಷ ಹೇಳಿಕೊಂಡು ಬಂದದ್ದನ್ನು ತಪ್ಪು ಎನ್ನಬಹುದೇ ಎಂಬುದು ಅವರ ಸಂಕಟ. ಪ್ರೊಟೆಸ್ಟೆಂಟರಲ್ಲೂ ಒಮ್ಮತ ಇಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 2000ದಲ್ಲಿ, ನ್ಯಾಯವಾಗಿ, ಭೇದ ಮಾಡದೆ ಕೊಡುವುದಾದರೆ ಮರಣದಂಡನೆಗೆ ಬೆಂಬಲ ಎಂದು ನಿರ್ಣಯ ಮಾಡಿತು. ಅಲ್ಲಿನ ಇವ್ಯಾಂಜೆಲಿಕಲ್ ಸಭೆಗಳ ರಾಷ್ಟ್ರೀಯ ಒಕ್ಕೂಟ ಮೊದಲು ಬೆಂಬಲಿಸುತ್ತಿತ್ತು. 2015ರಲ್ಲಿ, ಈ ವಿಷಯದಲ್ಲಿ ನಿಷ್ಠಾವಂತ ವಿಶ್ವಾಸಿಗಳು ಎರಡೂ ಕಡೆ ಇದ್ದಾರೆ ಎಂದು ಒಪ್ಪಿಕೊಂಡಿತು.

ಸದರ್ನ್ ಬ್ಯಾಪ್ಟಿಸ್ಟರ ಆ "ನ್ಯಾಯವಾಗಿ ಕೊಡುವುದಾದರೆ" ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಇಡೀ ಭಾರ ಆ "ಆದರೆ" ಮೇಲೆ ಕೂತಿದೆ. ನ್ಯಾಯವಾಗಿ ಕೊಡುತ್ತಿದ್ದೇವೆಯೇ? ಅದಕ್ಕೆ ಸತ್ಯವೇದದಲ್ಲಿ ಉತ್ತರ ಇಲ್ಲ, ಕೋರ್ಟಿನ ಕಡತಗಳಲ್ಲಿದೆ. ಅಮೆರಿಕದಲ್ಲಿ 1973ರಿಂದ ಈಚೆಗೆ ಮರಣದಂಡನೆಯ ತೀರ್ಪು ಆಗಿದ್ದ 190ಕ್ಕೂ ಹೆಚ್ಚು ಜನ ಆಮೇಲೆ ದೋಷಮುಕ್ತರಾಗಿ ಹೊರಬಂದಿದ್ದಾರೆ. ಸುಳ್ಳು ಸಾಕ್ಷಿ, ತಪ್ಪು ಗುರುತು, ಮುಚ್ಚಿಟ್ಟ ದಾಖಲೆ, ಸರಿಯಾದ ವಕೀಲ ಇಲ್ಲದಿರುವುದು. ಇವೇ ಕಾರಣಗಳು. ಇನ್ನು ಮರಣದಂಡನೆ ಇದ್ದರೆ ಕೊಲೆ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಅದರ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಕಡಿಮೆಯಾಗುತ್ತದೆ, ಜಾಸ್ತಿಯಾಗುತ್ತದೆ, ಏನೂ ಆಗುವುದಿಲ್ಲ, ಈ ಮೂರರಲ್ಲಿ ಯಾವುದನ್ನು ಹೇಳಲೂ ಆ ಅಧ್ಯಯನಗಳು ಸಾಲವು ಎಂದಿತು.

ನನ್ನ ಮನಸ್ಸು ತಿರುಗಿದ್ದು ಇಲ್ಲೇ. ಇದನ್ನು ಓದಿ ಆದಮೇಲೆ ಧರ್ಮೋಪದೇಶಕಾಂಡ 17ಕ್ಕೆ ವಾಪಸ್ ಹೋದೆ. ಇಬ್ಬರು ಅಥವಾ ಮೂವರು ಸಾಕ್ಷಿಗಳಿಲ್ಲದೆ ಯಾರಿಗೂ ಮರಣಶಿಕ್ಷೆ ಕೂಡದು ಎಂದು ಅಲ್ಲಿದೆ. ಒಬ್ಬನ ಮಾತು ಸಾಲದು. ಅಷ್ಟೇ ಅಲ್ಲ, ಸಾಕ್ಷಿ ಹೇಳಿದವನೇ ಮೊದಲ ಕಲ್ಲು ಎಸೆಯಬೇಕು. 19ನೇ ಅಧ್ಯಾಯದಲ್ಲಿ ಇನ್ನೂ ಇದೆ. ಸುಳ್ಳು ಸಾಕ್ಷಿ ಹೇಳಿದವನು ಇನ್ನೊಬ್ಬನಿಗೆ ಏನು ಮಾಡಿಸಬೇಕೆಂದಿದ್ದನೋ ಅದನ್ನೇ ಅವನಿಗೆ ಮಾಡಬೇಕು. "ಕಣ್ಣಿಗೆ ಕಣ್ಣು" ಎಂಬ ಮಾತು ಅಲ್ಲಿ ಬರುವುದು ಸುಳ್ಳು ಸಾಕ್ಷಿಯ ವಿರುದ್ಧ! ಮರಣದಂಡನೆ ಕೊಡುವ ಧರ್ಮಶಾಸ್ತ್ರಕ್ಕೇ, ತಪ್ಪು ಮನುಷ್ಯನನ್ನು ಕೊಂದುಬಿಟ್ಟೇವು ಎಂಬ ಹೆದರಿಕೆ ಇಷ್ಟು ಇತ್ತು. ಆ ಹೆದರಿಕೆಯನ್ನು ಗಂಭೀರವಾಗಿ ತೆಗೆದುಕೊಂಡರೆ, ನಾನು ನೋಡಿರುವ ಯಾವ ನ್ಯಾಯವ್ಯವಸ್ಥೆಯ ಕೈಗೂ ನೇಣಿನ ಹಗ್ಗ ಕೊಡಲು ನನಗೆ ಧೈರ್ಯ ಇಲ್ಲ. ನೋಡಿ, ಇದು ವಚನದಿಂದ ನೇರವಾಗಿ ಬಂದ ತೀರ್ಮಾನ ಅಲ್ಲ. ವಚನದ ಕಾಳಜಿ ಒಂದು ಕಡೆ, ಲೋಕದ ಲೆಕ್ಕ ಇನ್ನೊಂದು ಕಡೆ ಇಟ್ಟು ನಾನು ತೂಗಿದ್ದು. ನನ್ನ ತೂಕ ತಪ್ಪಿರಬಹುದು. ಮರಣದಂಡನೆ ಪರವಾದ ಒಬ್ಬ ಪ್ರಾಮಾಣಿಕ ವಿಶ್ವಾಸಿ ಎದ್ದು, ತನಿಖೆ ಸುಧಾರಿಸಿ, ಸಂಶಯವೇ ಇಲ್ಲದ ಪ್ರಕರಣಕ್ಕೆ ಮಾತ್ರ ಕೊಡೋಣ ಎಂದರೆ ಅವನನ್ನು ಅವಿಶ್ವಾಸಿ ಎನ್ನಲು ನನಗೆ ಹಕ್ಕಿಲ್ಲ. ಸಂಶಯವೇ ಇಲ್ಲ ಎಂದು ಯಾರು ತೀರ್ಮಾನಿಸುತ್ತಾರೆ ಎಂದು ಮಾತ್ರ ಕೇಳುತ್ತೇನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಒಂದೇ ನಿಲುವು ಇಲ್ಲದ ಮೇಲೆ ನಂಬಿಕೆಯನ್ನು ಯಾಕೆ ತರಬೇಕು? ಇದಕ್ಕೆ ಮರಣದಂಡನೆಗಿಂತ ಸಾಲದ ಉದಾಹರಣೆ ಒಳ್ಳೆಯದು. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಹಾಕಬೇಡ, ಅವನ ಹೊದಿಕೆಯನ್ನು ಅಡವು ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ವಾಪಸ್ ಕೊಡು, ಅವನು ಮತ್ತೇನು ಹೊದ್ದು ಮಲಗಬೇಕು ಎಂದು ವಿಮೋಚನಕಾಂಡ 22 ಕೇಳುತ್ತದೆ. ಸಭೆ ಇದನ್ನು ಕಟ್ಟುನಿಟ್ಟಾಗಿ ಹಿಡಿಯಿತು. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಪಾದ್ರಿಗಳು ಬಡ್ಡಿ ತೆಗೆದುಕೊಳ್ಳುವುದನ್ನು ನಿಷೇಧಿಸಿತು. 1179ರಲ್ಲಿ ರೋಮಿನಲ್ಲಿ ಸೇರಿದ ಇಂಥದೇ ಮೂರನೇ ಲ್ಯಾಟರನ್ ಮಹಾಸಭೆ, ಬಡ್ಡಿ ವ್ಯವಹಾರಕ್ಕೆ ಹೆಸರಾದವರಿಗೆ ಕ್ರೈಸ್ತ ವಿಧಿಯ ಸಮಾಧಿಯೂ ಇಲ್ಲ ಎಂದಿತು. ಇವತ್ತು ಸಭೆಗಳ ದುಡ್ಡೇ ಬ್ಯಾಂಕಿನಲ್ಲಿ ಬಡ್ಡಿಗೆ ಇರುತ್ತದೆ. ಹಾಗಾದರೆ ನಂಬಿಕೆ ಬಿಟ್ಟುಕೊಟ್ಟೆವೇ? 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇದನ್ನು ಬಿಡಿಸಿ ನೋಡಿದರು. ಹಸಿದವನಿಗೆ ಕೊಡುವ ಸಾಲ ಬೇರೆ, ವ್ಯಾಪಾರ ಬೆಳೆಸಲು ಉಳ್ಳವನು ತೆಗೆದುಕೊಳ್ಳುವ ಸಾಲ ಬೇರೆ. ಎರಡನೆಯದರಲ್ಲಿ ಮಿತವಾದ ಬಡ್ಡಿ ಪಾಪ ಅಲ್ಲ ಎಂದರು.

ಹಾಗಂತ ಆ ಹೊದಿಕೆಯ ವಚನ ಸತ್ತುಹೋಗಲಿಲ್ಲ. 1990ರ ದಶಕದಲ್ಲಿ ಬಡ ದೇಶಗಳು ಹಳೆಯ ಸಾಲದ ಬಡ್ಡಿ ಕಟ್ಟಿ ಕಟ್ಟಿ ಬಸವಳಿದಿದ್ದವು. ಯಾಜಕಕಾಂಡ 25ರಲ್ಲಿ 50 ವರ್ಷಕ್ಕೊಮ್ಮೆ ಬರುವ ಜೂಬಿಲಿ ಇದೆಯಲ್ಲ, ಮಾರಿಹೋದ ಜಮೀನು ಮೂಲ ಮನೆತನಕ್ಕೆ ವಾಪಸ್ ಬರುವ ವರ್ಷ, ಅದೇ ಹೆಸರಿಟ್ಟು "ಜೂಬಿಲಿ 2000" ಎಂಬ ಚಳವಳಿ ಶುರುವಾಯಿತು. 1998ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸೇರಿದಾಗ, ಸುಮಾರು 70,000 ಜನ ಕೈ ಕೈ ಹಿಡಿದು ನಗರದ ಸುತ್ತ ಸರಪಳಿಯಂತೆ ನಿಂತರು. ಮರುವರ್ಷ ಜರ್ಮನಿಯ ಕೊಲೋನ್‌ನಲ್ಲಿ ಸಾಲ ಪರಿಹಾರ ಯೋಜನೆ ಹಿಗ್ಗಿತು. ಮುಂದೆ 30ಕ್ಕೂ ಹೆಚ್ಚು ದೇಶಗಳ ಸಾಲದ ಹೊರೆ ಇಳಿಯಿತು. ಚರ್ಚಿಗೆ ಹೋಗದವರೂ ಆ ಚಳವಳಿಯಲ್ಲಿ ಇದ್ದರು. ಆದರೆ ಹೊರೆ ಇಳಿಸಿ ಹೊಸದಾಗಿ ಶುರು ಮಾಡಲು ಬಿಡುವ ಕಲ್ಪನೆಯನ್ನು ಆ ಚಳವಳಿ ತೆಗೆದುಕೊಂಡಿದ್ದು ಯಾಜಕಕಾಂಡದಿಂದ. ಯಾವ ದೇಶಕ್ಕೆ ಎಷ್ಟು, ಯಾವ ಷರತ್ತಿನ ಮೇಲೆ ಎಂಬ ಲೆಕ್ಕ ಅಲ್ಲಿರಲಿಲ್ಲ. ಅದಕ್ಕೆ ಅರ್ಥಶಾಸ್ತ್ರ ಗೊತ್ತಿದ್ದವರು ಬೇಕಾಯಿತು.

ನಂಬಿಕೆಯ ಕೆಲಸ ಇದೇ ಎಂದು ನನಗೆ ಅನಿಸುತ್ತದೆ. ಯಾರ ಕಡೆ ನೋಡಬೇಕು ಎಂದು ಅದು ಹೇಳುತ್ತದೆ. ಹೊದಿಕೆ ಅಡವು ಇಟ್ಟವನ ಕಡೆ, ಒಂಟಿ ಸಾಕ್ಷಿಯ ಮಾತಿಗೆ ಸಿಕ್ಕಿಬಿದ್ದವನ ಕಡೆ, ಕೊಲೆಯಾದವನ ಹೆಂಡತಿ ಮಕ್ಕಳ ಕಡೆ. ಈ ಕೊನೆಯವರನ್ನು ನನ್ನಂಥವರು ಆಗಾಗ ಮರೆಯುತ್ತೇವೆ, ಅದು ನಮ್ಮ ಕಡೆಯ ದೊಡ್ಡ ದೋಷ. ನೋಡಿದ ಮೇಲೆ ಏನು ಕಾನೂನು ಮಾಡಬೇಕು ಎಂಬುದಕ್ಕೆ ತಲೆ ಓಡಿಸಬೇಕು. ವಲಸೆ ಬಂದವರ ವಿಷಯವೂ ಹಾಗೇ. ನಿಮ್ಮ ನಡುವೆ ಇರುವ ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ ಎಂದು ಯಾಜಕಕಾಂಡ 19:34 ಹೇಳುತ್ತದೆ, ವರ್ಷಕ್ಕೆ ಎಷ್ಟು ವೀಸಾ ಎಂದು ಹೇಳುವುದಿಲ್ಲ. ಗರ್ಭಪಾತದ ಪ್ರಶ್ನೆಯಲ್ಲಿ ಕ್ಯಾಥೊಲಿಕ್ ಧರ್ಮಸಭೆ ಕದಲಿಲ್ಲ. ಆದರೆ ಇವತ್ತು ಅಷ್ಟೇ ಕಟ್ಟುನಿಟ್ಟಾಗಿರುವ ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ ಕೆಲವು ಸಂದರ್ಭಗಳಿಗೆ ಕಾನೂನು ಅವಕಾಶ ಕೊಡಲಿ ಎಂದು ನಿರ್ಣಯ ಮಾಡಿದ್ದರು. ಅದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ, ಇಲ್ಲಿ ಬೇಡ.

ಎಲ್ಲ ಭಿನ್ನಾಭಿಪ್ರಾಯವೂ ಇಂಥ ತೂಕದ ವ್ಯತ್ಯಾಸ ಎಂದುಕೊಳ್ಳಬೇಡಿ ಮತ್ತೆ. ಕೆಲವೊಮ್ಮೆ ಒಂದು ಕಡೆಯವರು ಶುದ್ಧ ತಪ್ಪು ಇರುತ್ತಾರೆ. ಗುಲಾಮಗಿರಿಯನ್ನು ಸತ್ಯವೇದ ತೋರಿಸಿಯೇ ಸಮರ್ಥಿಸಿದರು. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 1845ರಲ್ಲಿ ಬೇರೆಯಾಗಿದ್ದೇ ಆ ಜಗಳದಲ್ಲಿ. 1995ರಲ್ಲಿ ಕ್ಷಮೆ ಕೇಳಿತು, 150 ವರ್ಷ ಆದಮೇಲೆ. ದಕ್ಷಿಣ ಆಫ್ರಿಕಾದಲ್ಲಿ ಕ್ಯಾಲ್ವಿನ್ ಪರಂಪರೆಯ ಬಿಳಿಯರ ರಿಫಾರ್ಮ್ಡ್ ಸಭೆಗಳು ವರ್ಣಭೇದ ನೀತಿಗೆ ದೇವಶಾಸ್ತ್ರದ ಸಮರ್ಥನೆ ಕೊಟ್ಟವು. 1982ರಲ್ಲಿ ವಿಶ್ವದ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದನ್ನು ಪಾಷಂಡ ಬೋಧನೆ ಎಂದೇ ಘೋಷಿಸಿತು. ಇವನ್ನು ತೂಕದ ತಪ್ಪು ಅನ್ನಲಾಗದು. ಒಬ್ಬ ಮನುಷ್ಯನ ಕಡೆ ನೋಡಲೇ ಒಲ್ಲೆ ಎಂದು ಕೂತವರು ಅವರು. ಅಂಥವರ ಜೊತೆ "ನಿಮ್ಮದೂ ಸರಿ, ನಮ್ಮದೂ ಸರಿ" ಎನ್ನಲು ಬರುವುದಿಲ್ಲ. ನಿಮ್ಮ ಗುಂಪಿನ ಇಬ್ಬರಲ್ಲಿ ಯಾರೂ ಆ ಥರದವರಲ್ಲ ಎಂದು ನಿಮ್ಮ ಮಾತಿನಿಂದ ತಿಳಿಯುತ್ತದೆ. ಒಬ್ಬರಿಗೆ ಸತ್ತವನ ಬೆಲೆ ಕಾಣುತ್ತಿದೆ, ಇನ್ನೊಬ್ಬರಿಗೆ ಸಾಯಿಸಲು ಹೊರಟವರ ಕೈಯಲ್ಲಿರುವ ಕಲ್ಲು.

ಮಾತು ಬಿಟ್ಟ ಆ ಇಬ್ಬರಿಗೆ ನೀವು ಒಂದು ಕೆಲಸ ಹಚ್ಚಬಹುದು. ಮುಂದಿನ ಸಲ ಸೇರಿದಾಗ ಆದಿಕಾಂಡವೂ ಬೇಡ, ಯೋಹಾನವೂ ಬೇಡ. ಧರ್ಮೋಪದೇಶಕಾಂಡ 17:2ರಿಂದ 7, ಆಮೇಲೆ 19:15ರಿಂದ 21, ಇಷ್ಟನ್ನು ಅವರಿಬ್ಬರ ಕೈಲೇ ಸರದಿ ಪ್ರಕಾರ ಗಟ್ಟಿಯಾಗಿ ಓದಿಸಿ. ಯೇಸು ಅವತ್ತು ನೆಲದ ಮೇಲಿಂದ ತಲೆ ಎತ್ತಿ "ಮೊದಲ ಕಲ್ಲು" ಎಂದಾಗ ಅಲ್ಲಿದ್ದ ಶಾಸ್ತ್ರಿಗಳಿಗೆ ನೆನಪಾಗಿದ್ದು ಈ ಭಾಗವೇ ಇರಬೇಕು. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ನೀವು ಸಾಕ್ಷಿ ಹೇಳಿದ ಪ್ರಕರಣದಲ್ಲಿ ಮೊದಲ ಕಲ್ಲನ್ನು ನೀವೇ ಎಸೆಯಬೇಕು ಅಂದರೆ, ಎಷ್ಟು ಖಾತ್ರಿ ಬೇಕು? ಇಬ್ಬರ ಉತ್ತರವನ್ನೂ ಬರೆದಿಟ್ಟುಕೊಳ್ಳಿ. ಅವು ಎಷ್ಟು ಹತ್ತಿರ ಇವೆ ಎಂದು ನೋಡಿ ನನಗೂ ತಿಳಿಸಿ.